ಅತ್ತೆ ದೇವಿಯಾಗಿದ್ದ ಸಿನಿಮಾ

ನಮ್ಮ ಆಫೀಸಿನಲ್ಲಿ ನನ್ನ ಪಕ್ಕದ ಟೇಬಲ್ಲಿನ ಗುಮಾಸ್ತರು ಹಗಲೆಲ್ಲ ವಿಮಾ ಕಂತಿನ ರಸೀದಿ ಬರೆಯುತ್ತಿದ್ದರು. ಸಂಜೆ ಐದೂವರೆಯಾದ ಕೂಡಲೇ ಡ್ರಾಯರಿನಿಂದ ಬಟ್ಟೆಚೀಲ ತೆಗೆದು ಹೆಗಲಿಗೆ ಹಾಕಿಕೊಂಡು ಫಿಲ್ಮ್ ಕ್ಲಬ್ಬಿನ ಕಾರ್ಯದರ್ಶಿಗಳಾಗುತ್ತಿದ್ದರು. ಅದೇ ಮನುಷ್ಯ, ಅದೇ ಗಡ್ಡ. ಆದರೆ ಚೀಲ ಹೆಗಲೇರಿದ ಮೇಲೆ ಮಾತಿನ ಧಾಟಿಯೇ ಬೇರೆ. ಕ್ಯಾಂಟೀನಿನ ಉಪ್ಪಿಟ್ಟಿನ ಬಗ್ಗೆ ಕೇಳಿದರೂ ಕಣ್ಣು ಅರ್ಧ ಮುಚ್ಚಿ ಉತ್ತರ ಕೊಡುತ್ತಿದ್ದರು.

ತೊಂಬತ್ತರ ದಶಕದಲ್ಲಿ ಇವರ ಕ್ಲಬ್ಬು ಬಹಳ ಗಂಭೀರವಾಗಿತ್ತು. ಮಲ್ಲೇಶ್ವರದ ಒಂದು ಸಮುದಾಯ ಭವನದಲ್ಲಿ ಪರದೆ ಕಟ್ಟಿ ದೂರದೇಶಗಳ ಚಿತ್ರ ತೋರಿಸುತ್ತಿದ್ದರು. ಒಂದು ಸಲ ನಾನೂ ಹೋಗಿದ್ದೆ. ಒಬ್ಬ ಮುದುಕ ಹಿಮದಲ್ಲಿ ನಡೆದ, ನಡೆದ, ಇಂಟರ್ವಲ್ ಬಂತು. ಆಮೇಲೆ ಅದೇ ದಾರಿಯಲ್ಲಿ ವಾಪಸು ನಡೆದ. ಕೊನೆಗೆ ಚರ್ಚೆ ಇತ್ತು. ಮುದುಕ ಎಲ್ಲಿಗೆ ಹೋಗಿದ್ದ ಎಂದು ಕೇಳಿದ್ದಕ್ಕೆ ಎಲ್ಲರೂ ನನ್ನನ್ನು ಮರುಕದಿಂದ ನೋಡಿದರು. ಅವತ್ತಿನಿಂದ ನಾನು ಆ ಕಡೆ ತಲೆ ಹಾಕಲಿಲ್ಲ. ನನ್ನಂಥವರು ಬೇಕಾದಷ್ಟು ಜನ ಇದ್ದಿರಬೇಕು, ಯಾಕೆಂದರೆ ಎರಡು ಸಾವಿರದ ಇಸವಿ ದಾಟುವ ಹೊತ್ತಿಗೆ ಕ್ಲಬ್ಬಿನಲ್ಲಿ ಕಾರ್ಯಕಾರಿ ಸಮಿತಿ ಬಿಟ್ಟರೆ ಪ್ರೇಕ್ಷಕರೇ ಉಳಿದಿರಲಿಲ್ಲ.

ಆಗ ಇವರಿಗೆ 'ಕಲ್ಟ್' ಎಂಬ ಪದ ಸಿಕ್ಕಿತು. ಬಿಡುಗಡೆಯಾದಾಗ ಯಾರೂ ನೋಡದ ಚಿತ್ರವನ್ನು ಕಾಲು ಶತಮಾನ ಕಳೆದ ಮೇಲೆ ಎಲ್ಲರೂ ಸೇರಿ ಮತ್ತೆ ಮತ್ತೆ ನೋಡುವುದಕ್ಕೆ ಆ ಹೆಸರಂತೆ. ಆಗ ನೋಡದೆ ಇದ್ದದ್ದಕ್ಕೆ ಕಾರಣ ಚಿತ್ರ ಕೆಟ್ಟದಾಗಿತ್ತು ಎಂಬುದು. ಈಗ ನೋಡುವುದಕ್ಕೂ ಅದೇ ಕಾರಣ. ಚಾಮರಾಜಪೇಟೆಯ ಅಂಚಿನಲ್ಲಿ, ಬಾಗಿಲು ಮುಚ್ಚುವುದೋ ಬೇಡವೋ ಎಂದು ಮೀನಮೇಷ ಎಣಿಸುತ್ತಿದ್ದ ಒಂದು ಹಳೆಯ ಟಾಕೀಸಿನ ಮ್ಯಾನೇಜರನ್ನು ಹಿಡಿದು, ಶನಿವಾರದ ಸೆಕೆಂಡ್ ಶೋವನ್ನು ತಮ್ಮದಾಗಿಸಿಕೊಂಡರು. ಅದಕ್ಕೆ 'ಮಿಡ್‌ನೈಟ್ ಶೋ' ಎಂದು ಹೆಸರಿಟ್ಟರು. ಶುರುವಾಗುತ್ತಿದ್ದದ್ದು ಒಂಬತ್ತೂವರೆಗೆ. ನಡುರಾತ್ರಿಗೇ ಶುರುಮಾಡೋಣ ಎಂದು ಕ್ರಾಂತಿಕಾರಿಗಳೆಲ್ಲ ಒಕ್ಕೊರಲಿನಿಂದ ಹೇಳಿದ್ದರಂತೆ. ಆದರೆ ಅವರಲ್ಲಿ ಬಹುಪಾಲು ಜನರ ಮನೆಯಲ್ಲಿ ಅಮ್ಮಂದಿರು ಹನ್ನೆರಡೂವರೆಗೆ ಗೇಟಿಗೆ ಬೀಗ ಹಾಕುತ್ತಿದ್ದರು.

ಒಂದು ಸೋಮವಾರ ಕಾರ್ಯದರ್ಶಿಗಳು ಆಫೀಸಿಗೆ ಬಂದವರೇ, ಚೀಲ ಡ್ರಾಯರಿಗೆ ಹಾಕುವುದನ್ನೂ ಮರೆತು ನನ್ನ ಟೇಬಲ್ಲಿನ ಮುಂದೆ ನಿಂತರು.

"ಮೇಡಂ, ನಿಧಿ ಸಿಕ್ಕಿದೆ. ಗಾಂಧಿನಗರದ ಗೋಡೌನಲ್ಲಿ ಬಿದ್ದಿತ್ತು. ಎಪ್ಪತ್ತರ ದಶಕದ್ದು, ಭಕ್ತಿಪ್ರಧಾನ. ಸಾಕ್ಷಾತ್ ದೇವಿನೇ ಸೊಸೆ ಆಗಿ ಒಂದು ಮನೆಗೆ ಬರ್ತಾಳೆ, ಅತ್ತೆ ಮಾವ ಸೇರಿ ಅವಳ ಕೈಲಿ ಒರಳಲ್ಲಿ ಹಿಟ್ಟು ರುಬ್ಬಿಸ್ತಾರೆ. ನಾಗರಹಾವಿನ ದಾರ ಕಾಣ್ಸುತ್ತೆ ಮೇಡಂ! ದೇವಿ ಆಕಾಶದಿಂದ ಇಳೀವಾಗ ಕಿರೀಟ ಜಾರುತ್ತೆ, ಅವಳೇ ಸರಿಮಾಡ್ಕೊಳ್ತಾಳೆ. ಅದನ್ನೂ ಹಾಗೇ ಬಿಟ್ಟಿದಾರೆ. ನಕ್ಕೂ ನಕ್ಕೂ ಹೊಟ್ಟೆ ಹುಣ್ಣಾಯ್ತು. ಆ ದೇವಿ ಪಾತ್ರದವಳು ಯಾರು ಅಂತಾನೇ ಗೊತ್ತಾಗ್ತಿಲ್ಲ. ಒಂದೇ ಚಿತ್ರ ಮಾಡಿ ಮಾಯ ಆಗ್ಬಿಟ್ಟಿದಾಳೆ."

ಮಾಯವೇನೂ ಆಗಿರಲಿಲ್ಲ. ಆ ಟಾಕೀಸಿನಿಂದ ನಾಲ್ಕು ರಸ್ತೆ ಆಚೆಗೆ, ಅದೇ ಚಾಮರಾಜಪೇಟೆಯಲ್ಲಿ, ಹುರುಳಿಕಾಯಿ ಹೆಚ್ಚಿಕೊಂಡು ಇದ್ದಳು. ಅವಳು ನನ್ನ ಅಪ್ಪನ ತಂಗಿ. ನನ್ನ ಸೋದರತ್ತೆ.

ಅತ್ತೆ ಕಾಲೇಜಿನ ನಾಟಕಗಳಲ್ಲಿ ಚೆನ್ನಾಗಿ ಮಾಡುತ್ತಿದ್ದಳಂತೆ. ಅದನ್ನು ನೋಡಿದ ಒಬ್ಬ ಹೊಸ ನಿರ್ದೇಶಕರು ಮನೆಗೆ ಬಂದು ಕೇಳಿದರು. ದೇವಿಯ ಪಾತ್ರ ಎಂದ ಮೇಲೆ ಬೇಡ ಎನ್ನುವುದು ಹೇಗೆ ಎಂದು ತಾತ ಒಪ್ಪಿದರು. ಚಿತ್ರೀಕರಣ ಮುಗಿಯುವಷ್ಟರಲ್ಲಿ ನೆಂಟರಿಷ್ಟರು ಬಂದು ತಲೆಗೊಂದು ಮಾತಾಡಿ, ತಾತನಿಗೆ ನಡುಕ ಹುಟ್ಟಿತು. ತರಾತುರಿಯಲ್ಲಿ ಮದುವೆ ಮಾಡಿಬಿಟ್ಟರು. ಗಂಡನ ಮನೆಯಲ್ಲಿ ಅವಳ ಮಾವನವರದೇ ದರ್ಬಾರು. ಇನ್ನು ಮುಂದೆ ಸಿನಿಮಾ ಎಂಬ ಪದ ಹೊಸ್ತಿಲು ದಾಟಬಾರದು ಎಂದರು. ಚಿತ್ರ ಒಂದು ವಾರ ಓಡಿ ಇಳಿದುಹೋಯಿತು. ಊರಲ್ಲಿ ತನ್ನ ಮುಖ ಪರದೆಯ ಮೇಲೆ ಓಡುತ್ತಿದ್ದ ಆ ವಾರ, ಅತ್ತೆ ಅಡುಗೆಮನೆಯಲ್ಲಿದ್ದಳು.

ತಾನು ನಟಿಸಿದ ಚಿತ್ರವನ್ನು ಅವಳು ನೋಡಿಯೇ ಇರಲಿಲ್ಲ. ಅವಳಿಗೆ ಬೇರೆ ಆಸೆಗಳು ಇದ್ದವೋ ಇಲ್ಲವೋ ನನಗೆ ಗೊತ್ತಿಲ್ಲ. ಬಾಯಿಬಿಟ್ಟು ಹೇಳುತ್ತಿದ್ದದ್ದು ಇದೊಂದನ್ನೇ, ಅದೂ ನನ್ನೊಬ್ಬಳ ಹತ್ತಿರ. "ಮುಖ ಹೇಗಾದ್ರೂ ಇರ್ಲಿ ಕಣೇ. ನನ್ನ ದನಿ ಹೇಗೆ ಬಂದಿದೆ ಅಂತ ಒಂದ್ಸಲ ಕೇಳ್ಬೇಕಿತ್ತು. ಕೊನೇ ಸೀನಲ್ಲಿ ನಾನು ಮಾತಾಡಿದ್ದಕ್ಕೆ ಸೆಟ್ಟಲ್ಲಿ ಲೈಟ್ ಹಿಡ್ಕೊಂಡೋರು ಕೂಡ ಸುಮ್ನೆ ನಿಂತ್ಬಿಟ್ಟಿದ್ರು."

ಅತ್ತೆಯ ಗಂಡ, ಅಂದರೆ ನಮ್ಮ ಮಾವ, ಕೆಟ್ಟವರಲ್ಲ. ಇಡೀ ಬಂಧುಬಳಗ ಅವರ ಬಗ್ಗೆ ಹೇಳುತ್ತಿದ್ದದ್ದು ಇಷ್ಟೇ, ಪಾಪ, ಮಾತೇ ಆಡೋಲ್ಲ. ಅವರಪ್ಪ ಕಟ್ಟಪ್ಪಣೆ ಮಾಡಿದಾಗಲೂ ಆಡಲಿಲ್ಲ, ಅಪ್ಪ ಹೋಗಿ ಹತ್ತು ವರ್ಷವಾದ ಮೇಲೂ ಆಡಲಿಲ್ಲ. ಬಾಯಿ ಮುಚ್ಚಿಕೊಂಡಿರುವ ಗಂಡಸರಿಗೆ ನಮ್ಮಲ್ಲಿ ಸಾಧು ಎಂಬ ಬಿರುದು ಸುಲಭವಾಗಿ ಸಿಗುತ್ತದೆ. ನನಗಂತೂ ಅವರನ್ನು ಕಂಡರೆ ಒಳಗೊಳಗೇ ಸಿಟ್ಟು ಬರುತ್ತಿತ್ತು.

ಚಿತ್ರ ಸಿಕ್ಕಿದೆ ಎಂದು ಅತ್ತೆಗೆ ಹೇಳುವುದೋ ಬೇಡವೋ ಎಂದು ನಾನು ತಲೆ ಕೆಡಿಸಿಕೊಂಡೆ. ಏಕೆಂದರೆ ಅಷ್ಟು ಹೊತ್ತಿಗೆ ಶನಿವಾರದ ಆಟ ಊರಲ್ಲೆಲ್ಲ ಸುದ್ದಿಯಾಗಿತ್ತು. ದೇವಿ ಪ್ರತ್ಯಕ್ಷಳಾದಾಗ ಕ್ಲಬ್ಬಿನ ಹುಡುಗರೆಲ್ಲ ಎದ್ದು ನಿಂತು ಉಧೋ ಉಧೋ ಎನ್ನುತ್ತಿದ್ದರು. ಚಪ್ಪಲಿ ಬಿಟ್ಟು, ಪರದೆಯ ಮುಂದೆ ಈಡುಗಾಯಿ ಒಡೆಯುತ್ತಿದ್ದರು. ಒಬ್ಬ ತಟ್ಟೆಯಲ್ಲಿ ಕರ್ಪೂರ ಹಚ್ಚಿ ಪರದೆಯ ಅಂಚು ಸುಟ್ಟ ಮೇಲೆ ಮ್ಯಾನೇಜರು ಬೆಂಕಿ ನಿಷೇಧಿಸಿದರು. ಆಮೇಲೆ ಮೊಬೈಲ್ ಫೋನಿನ ಹಸಿರು ಬೆಳಕಿನಲ್ಲೇ ಮಂಗಳಾರತಿ. ಇದೆಲ್ಲ ವ್ಯಂಗ್ಯ, ನಂಬಿಕೆಯನ್ನು ಒಡೆದು ನೋಡುವ ಬಗೆ ಎಂದು ಕಾರ್ಯದರ್ಶಿಗಳು ಒಂದು ಲೇಖನವನ್ನೂ ಬರೆದರು.

ಆ ಲೇಖನವನ್ನು ಚಾಮರಾಜಪೇಟೆಯ ಹೆಂಗಸರು ಓದಲಿಲ್ಲ. ಅವರ ಕಿವಿಗೆ ಬಿದ್ದದ್ದು ಇಷ್ಟು: ಟಾಕೀಸಿನಲ್ಲಿ ಅಮ್ಮನವರ ಹಳೇ ಚಿತ್ರ ಬಂದಿದೆ, ಹುಡುಗರು ಚಪ್ಪಲಿ ಬಿಟ್ಟು ಪೂಜೆ ಮಾಡುತ್ತಾರೆ, ಕಾಯಿ ಒಡೆಯುತ್ತಾರೆ. ಎರಡನೇ ಶನಿವಾರ ಹತ್ತು ಜನ ಬಂದರು. ಮೂರನೇ ಶನಿವಾರ ಮತ್ತಿಕೆರೆಯಿಂದ ಒಂದು ಮೆಟಡೋರ್ ತುಂಬ ಬಂದರು. ಮಡಿಲಲ್ಲಿ ಅಕ್ಕಿ, ಬಳೆ, ರವಿಕೆ ಕಣ. ಇವರೂ ಎದ್ದು ನಿಂತರು, ಕೈಮುಗಿದರು, ಕಾಯಿ ಒಡೆದರು. ಹುಡುಗರು ಅವರನ್ನು ನೋಡಿ, ಏನ್ ಅಭಿನಯ ಗುರು, ನಮಗಿಂತ ಚೆನ್ನಾಗಿ ವ್ಯಂಗ್ಯ ಮಾಡ್ತಾರೆ ಎಂದು ಬೆರಗಾದರು. ಹೆಂಗಸರು ಹುಡುಗರನ್ನು ನೋಡಿ ಕಣ್ಣೊರೆಸಿಕೊಂಡರು. ಮ್ಯಾನೇಜರು ಯಾರನ್ನೂ ವಿಚಾರಿಸಲು ಹೋಗದೆ, ಸೋಡಾ ಮಾರುವ ಜಾಗದಲ್ಲಿ ತೆಂಗಿನಕಾಯಿ ಇಡಿಸಿದರು. ಕತ್ತಲೆಯಲ್ಲಿ ಯಾರು ಭಕ್ತರು, ಯಾರು ಬುದ್ಧಿಜೀವಿಗಳು ಎಂದು ಗುರುತು ಹಿಡಿಯುವುದಕ್ಕೆ ಉಪಾಯವೇ ಇರಲಿಲ್ಲ. ಒಬ್ಬ ಹೆಂಗಸು ಕಾರ್ಯದರ್ಶಿಗಳ ಭಕ್ತಿಗೆ ಮಾರುಹೋಗಿ ಅವರ ಗೋತ್ರ, ನಕ್ಷತ್ರ ಕೇಳಿದರಂತೆ. ತಂಗಿಯ ಮಗಳು ಇದ್ದಾಳೆ, ಜಾತಕ ಕಳಿಸಿ ಎಂದರಂತೆ. ಇವರು ಕಳಿಸಿದರು ಎಂದು ಆಮೇಲೆ ಕ್ಯಾಂಟೀನಿನಲ್ಲಿ ತಿಳಿಯಿತು.

ಕೊನೆಗೆ ಅತ್ತೆಗೆ ಹೇಳಿದೆ. ಹುಡುಗರು ನಗುತ್ತಾರೆ ಎಂಬುದನ್ನೂ ಮುಚ್ಚಿಡದೆ ಹೇಳಿದೆ.

"ನಗ್ಲಿ ಬಿಡು. ನನ್ನ ದನಿ ಕೇಳ್ಸುತ್ತೆ ತಾನೆ?" ಎಂದಳು.

ಚೈತ್ರ ಮಾಸ. ಬೀದಿಬೀದಿಯಲ್ಲಿ ಚಪ್ಪರ ಹಾಕಿ ರಾಮೋತ್ಸವದ ಕಛೇರಿ ನಡೆಯುತ್ತಿತ್ತು. ಕಛೇರಿಗೆ ಹೋಗುತ್ತೇವೆ ಎಂದರೆ ರಾತ್ರಿ ಎಷ್ಟು ಹೊತ್ತಾದರೂ ನಮ್ಮ ಕಡೆಯ ಮನೆಗಳಲ್ಲಿ ಯಾರೂ ಪ್ರಶ್ನೆ ಕೇಳುವುದಿಲ್ಲ. ಅತ್ತೆ ರೇಷ್ಮೆ ಸೀರೆ ಉಟ್ಟು ಮಲ್ಲಿಗೆ ಮುಡಿದು ಹೊರಟಳು. ಮಾವ ಪೇಪರಿನಿಂದ ತಲೆ ಎತ್ತಿ, "ಯಾರದು ಗಾಯನ?" ಎಂದರು. ನಾನು ಬಾಯಿಗೆ ಬಂದ ಒಂದು ಹೆಸರು ಹೇಳಿದೆ. "ಶ್ರುತಿ ಸ್ವಲ್ಪ ಕಡಿಮೆ ಅವರದ್ದು" ಎಂದು ಮತ್ತೆ ಪೇಪರಿಗೆ ತಲೆ ಹಾಕಿದರು. ಆ ಹೆಸರಿನ ಗಾಯಕರು ಭೂಮಿಯ ಮೇಲೆ ಇದ್ದಾರೋ ಇಲ್ಲವೋ ಎಂದು ನನಗೇ ಗೊತ್ತಿರಲಿಲ್ಲ.

ಟಾಕೀಸಿನಲ್ಲಿ ನಮಗೆ ಸಿಕ್ಕಿದ್ದು ನಡುಸಾಲು. ಮುಂದೆ ಕ್ಲಬ್ಬು, ಹಿಂದೆ ಮೆಟಡೋರು. ಕಾರ್ಯದರ್ಶಿಗಳು ಒಂದು ಹ್ಯಾಂಡಿಕ್ಯಾಮ್ ಹಿಡಿದು ಅತ್ತಿಂದಿತ್ತ ಓಡಾಡುತ್ತಿದ್ದರು. ಪ್ರೇಕ್ಷಕರ ಮೇಲೆ ಸಾಕ್ಷ್ಯಚಿತ್ರ ಮಾಡುತ್ತಾರಂತೆ. ನನ್ನನ್ನು ಕಂಡು ಕೈಬೀಸಿದರು. ಪಕ್ಕದಲ್ಲಿದ್ದ ದೇವಿಯ ಕಡೆ ತಿರುಗಿಯೂ ನೋಡಲಿಲ್ಲ.

ದೀಪ ಆರಿತು. ಹುತ್ತದಿಂದ ಹಾವು ಬಂತು, ದಾರ ಕಂಡಿತು, ಜನ ಕೂಗಿದರು. ಆಮೇಲೆ ಬಣ್ಣ ಬಳಿದ ಮೋಡಗಳ ನಡುವೆ ಅತ್ತೆ ಇಳಿದು ಬಂದಳು. ಹತ್ತೊಂಬತ್ತು ಇಪ್ಪತ್ತರ ಹುಡುಗಿ. ಕಿರೀಟ ಜಾರಿತು, ಕೈ ಎತ್ತಿ ಸರಿಮಾಡಿಕೊಂಡಳು. ಟಾಕೀಸು ಹಾರಿಹೋಗುವ ಹಾಗೆ ಶಿಳ್ಳೆ. ನಾನು ಹೆದರಿ ಪಕ್ಕಕ್ಕೆ ನೋಡಿದರೆ ಅತ್ತೆ ನಗುತ್ತಿದ್ದಳು. "ಅದು ರಟ್ಟಿಂದು ಕಣೇ, ನಿಲ್ತಾನೇ ಇರ್ಲಿಲ್ಲ" ಎಂದಳು.

ಆಮೇಲೆ ದೇವಿ ಬಾಯಿ ತೆರೆದು ಮಾತಾಡಿದಳು. ಅತ್ತೆಯ ನಗು ನಿಂತಿತು.

ಎಳೆದೆಳೆದು ಮೂಗಿನಲ್ಲಿ ಹಾಡುವ ದನಿ ಅದು. ಹುಡುಗರಿಗೆ ಆ ದನಿ ಎಂದರೆ ಪ್ರಾಣ, ಎಲ್ಲರೂ ಅದನ್ನು ಅಣಕಿಸುತ್ತ ಜೊತೆಗೇ ಮಾತು ಹೇಳುತ್ತಿದ್ದರು. ಅತ್ತೆ ನನ್ನ ಕೈ ಹಿಡಿದುಕೊಂಡಳು.

"ಇದು ನನ್ನ ದನಿ ಅಲ್ಲ ಕಣೇ."

ಸೆಟ್ಟಿನಲ್ಲಿ ಮೈಕ್ ಹಿಡಿದು ಮಾತು ಮುದ್ರಿಸಿಕೊಂಡಿದ್ದರಂತೆ. ಅದೇ ಚಿತ್ರದಲ್ಲಿ ಬರುತ್ತದೆ ಎಂದು ಇಷ್ಟು ವರ್ಷ ನಂಬಿದ್ದಳು. ಆಮೇಲೆ ಸ್ಟುಡಿಯೋದಲ್ಲಿ ಕೂತು ಮಾತನ್ನೆಲ್ಲ ಮತ್ತೆ ಹೇಳಬೇಕು ಎಂಬುದನ್ನು ಯಾರೂ ಅವಳಿಗೆ ಹೇಳಿರಲಿಲ್ಲ. ಮದುವೆಯಾದ ಹೊಸತರಲ್ಲಿ ಒಂದು ಕಾರು ಮನೆ ಮುಂದೆ ಬಂದು ನಿಂತದ್ದು, ಅವಳ ಮಾವನವರು ಅದನ್ನು ಬಾಗಿಲಿನಿಂದಲೇ ವಾಪಸು ಕಳಿಸಿದ್ದು ಮಾತ್ರ ಅವಳಿಗೆ ನೆನಪಿತ್ತು. ಯಾತಕ್ಕೆ ಬಂದಿತ್ತು ಎಂದು ಆ ಕತ್ತಲಲ್ಲಿ ಕೂತು ಈಗ ಅರ್ಥವಾಯಿತು. ಎದ್ದು ಹೋಗೋಣವಾ ಎಂದು ಕೇಳಿದೆ. ಬೇಡ ಎಂದು ತಲೆಯಾಡಿಸಿದಳು. ಮಿಕ್ಕ ಚಿತ್ರವನ್ನು ಕೈಕಟ್ಟಿ ಕೂತು, ಯಾರದೋ ಮನೆಯ ಮದುವೆ ಆಲ್ಬಂ ನೋಡುವ ಹಾಗೆ ನೋಡಿದಳು. ನನಗೆ ಅಳು ಬಂತು. ಇಡೀ ಟಾಕೀಸು ನಗುವಾಗ ಅಳುವುದಕ್ಕೆ ನಾಚಿಕೆಯಾಗಿ ಸೆರಗು ಬಾಯಿಗೆ ಒತ್ತಿಕೊಂಡೆ.

ಕೊನೆಯ ದೃಶ್ಯ ಬಂತು. ಇಡೀ ಮನೆ ದೇವಿಯ ಕಾಲಿಗೆ ಬಿದ್ದು ಬೇಡುತ್ತದೆ, ತಪ್ಪಾಯಿತು ತಾಯಿ, ನಮ್ಮನ್ನು ಬಿಟ್ಟು ಹೋಗಬೇಡ ಎಂದು. ದೇವಿಯ ಮುಖ ಪರದೆ ತುಂಬ. ಕ್ಲಬ್ಬಿಗೆ ಅತ್ಯಂತ ಪ್ರಿಯವಾದ ಘಳಿಗೆ ಇದು. ದನಿ ಹೇಳುತ್ತದೆ, 'ನಿಮ್ಮ ಅಪರಾಧಗಳನ್ನೆಲ್ಲ ಕ್ಷಮಿಸಿದ್ದೇನೆ ಮಕ್ಕಳೇ, ಈ ಮನೆಯಲ್ಲಿ ಎಂದೆಂದಿಗೂ ನೆಲೆಸಿರುತ್ತೇನೆ.' ಆದರೆ ತುಟಿ ಹೇಳುವುದು ಬೇರೆ ಏನೋ. ಮಾತು ಮುಗಿಯುವ ಮೊದಲೇ ತುಟಿ ಮುಚ್ಚಿಕೊಳ್ಳುತ್ತದೆ, ದನಿ ಒಂಟಿಯಾಗಿ ಮುಂದುವರಿಯುತ್ತದೆ. ಇದು ನಿರ್ದೇಶಕರು ಬೇಕೆಂದೇ ಮಾಡಿದ ಪ್ರಯೋಗ, ದೈವಕ್ಕೂ ಭಾಷೆಗೂ ಇರುವ ಬಿರುಕು ಎಂದು ಕಾರ್ಯದರ್ಶಿಗಳ ವಾದ. ಆ ಮಾತನ್ನು ಎಲ್ಲರೂ ಒಟ್ಟಿಗೆ ಕೂಗುವ ಮೊದಲು ಟಾಕೀಸಿನಲ್ಲಿ ಒಂದು ಕ್ಷಣ ಮೌನವಿರುತ್ತಿತ್ತು, ಉಸಿರು ತೆಗೆದುಕೊಳ್ಳಲು.

ಆ ಮೌನದಲ್ಲಿ ಅತ್ತೆ ಎದ್ದು ನಿಂತಳು. ಪರದೆಯ ಮೇಲಿನ ತುಟಿ ಅಲುಗಿತು. ಅತ್ತೆ ಮಾತಾಡಿದಳು.

"ಕ್ಷಮಿಸಲಾರೆ. ನೀವು ನನ್ನನ್ನು ನೋಡಲೇ ಇಲ್ಲ. ನಾನು ಹೊರಟೆ."

ಒಂದೊಂದು ಅಕ್ಷರಕ್ಕೂ ತುಟಿ ಕೂಡಿಕೊಂಡಿತು. ಎಲ್ಲಿ ನಿಲ್ಲಬೇಕೋ ಅಲ್ಲಿ ನಿಂತಿತು, ಎಲ್ಲಿ ಮುಚ್ಚಬೇಕೋ ಅಲ್ಲಿ ಮುಚ್ಚಿತು. ವಯಸ್ಸಿನಿಂದ ಸ್ವಲ್ಪ ಒರಟಾಗಿದ್ದ, ಆದರೆ ಗಟ್ಟಿಯಾದ, ನೇರವಾದ ದನಿ. ಕೂಗಲು ಬಾಯಿ ತೆರೆದಿದ್ದ ಹುಡುಗರು ಹಾಗೇ ಉಳಿದರು. ಹಿಂದಿನ ಸಾಲಿನಲ್ಲಿ ಒಬ್ಬ ಹೆಂಗಸಿಗೆ ಮೈಮೇಲೆ ಬಂದು, ನಾಲ್ವರು ಹಿಡಿದುಕೊಳ್ಳಬೇಕಾಯಿತು. ಸ್ಪೀಕರಿನ ದನಿ ಪಾಪ ಒಂದೇ ಸಮನೆ ಎಲ್ಲರನ್ನೂ ಕ್ಷಮಿಸುತ್ತಿತ್ತು. ಯಾರೂ ಅದನ್ನು ಕೇಳಿಸಿಕೊಳ್ಳಲಿಲ್ಲ.

ಮನೆಗೆ ನಡೆದು ಬರುವಾಗ ಅತ್ತೆ ಬಿಡಿಸಿ ಹೇಳಿದಳು. ಕಥೆಯಲ್ಲಿ ದೇವಿ ಆ ಮನೆ ಬಿಟ್ಟು ಹೊರಟೇಹೋಗುತ್ತಿದ್ದಳು. ದೇವರು ಮನೆ ಬಿಟ್ಟರೆ ಹೆಂಗಸರು ಚಿತ್ರಕ್ಕೆ ಬರುತ್ತಾರೇನ್ರೀ ಎಂದು ದುಡ್ಡು ಹಾಕಿದವರು ಆಗಲೇ ಗೊಣಗುತ್ತಿದ್ದರಂತೆ. ಚಿತ್ರೀಕರಣ ಮುಗಿದ ಮೇಲೆ ಮಾತು ಬದಲಾಯಿಸಿದ್ದಾರೆ, ದೇವಿಯನ್ನು ಮನೆಯಲ್ಲೇ ಕೂರಿಸಿದ್ದಾರೆ. "ನನ್ನದನ್ನು ಅಳಿಸೇಬಿಟ್ರಲ್ಲ ಕಣೇ" ಎಂದಳು. ಎದ್ದು ನಿಂತು ಹೇಳಿದ್ದರಿಂದ ಅವಳಿಗೆ ಸಮಾಧಾನವೇನೂ ಆಗಿರಲಿಲ್ಲ. ತನ್ನ ದನಿಯನ್ನು ಚಿತ್ರದಲ್ಲಿ ಕೇಳಬೇಕು ಎಂದು ಹೋದವಳು, ಅದು ಅಲ್ಲಿ ಇಲ್ಲ ಎಂಬುದನ್ನು ಖಚಿತ ಮಾಡಿಕೊಂಡು ಬಂದಿದ್ದಳು.

ಮುಂದಿನ ಭಾನುವಾರ ಬೆಳಗ್ಗೆ ನಾನು ಅತ್ತೆಯ ಮನೆಯಲ್ಲಿದ್ದಾಗ ಕಾರ್ಯದರ್ಶಿಗಳು ಬಂದರು. ಜುಬ್ಬಾ, ಚೀಲ, ಕೈಯಲ್ಲಿ ಒಂದು ಹಾರ. ಬಾಗಿಲು ತೆರೆದ ಮಾವ, ರಾಮೋತ್ಸವದ ಚಂದಾ ಆಗಲೇ ಕೊಟ್ಟಾಯಿತು ಎಂದರು. ಆಫೀಸಿನಲ್ಲಿ ನನ್ನನ್ನು ವಾರವಿಡೀ ಕಾಡಿ ಬೇಡಿ ವಿಷಯ ತಿಳಿದುಕೊಂಡಿದ್ದ ಮನುಷ್ಯ, ಸೀದಾ ಒಳಗೆ ಬಂದು ಅತ್ತೆಯ ಕಾಲು ಮುಟ್ಟಿ ನಮಸ್ಕಾರ ಮಾಡಿದರು. ಅದು ವ್ಯಂಗ್ಯವೋ ಭಕ್ತಿಯೋ ನನಗೆ ಗೊತ್ತಾಗಲಿಲ್ಲ, ಅವರಿಗೂ ಗೊತ್ತಿದ್ದಂತೆ ಕಾಣಲಿಲ್ಲ.

"ಅಮ್ಮಾ, ಆವತ್ತು ನನ್ನ ಕ್ಯಾಮೆರಾ ಓಡ್ತಾ ಇತ್ತು. ಪರದೆನೂ ಬಂದಿದೆ, ನಿಮ್ಮ ಮಾತೂ ಬಂದಿದೆ" ಎಂದು ಒಂದು ವಿಸಿಡಿ ಕೊಟ್ಟರು. ಮುಂದಿನ ಶನಿವಾರ ಮುಖ್ಯ ಅತಿಥಿಯಾಗಿ ಬರಬೇಕು ಎಂದರು, ಬಿರುಕಿನ ಬಗ್ಗೆ ಹೊಸ ಲೇಖನ ಬರೆಯುತ್ತಿದ್ದೇನೆ ಎಂದರು, ಕಾಫಿ ಕುಡಿದು ಹೊರಟರು. ಮಾವನ ಕೈಗೆ ಹಾರ ಉಳಿಯಿತು. ಅವರು ಅದನ್ನು ಹಿಡಿದುಕೊಂಡೇ ಕುರ್ಚಿಯಲ್ಲಿ ಕೂತರು. ಇನ್ನೇನು ರಂಪವಾಗುತ್ತದೆ ಎಂದು ನಾನು ಕಾದೆ. ಅತ್ತೆ ಮಾತ್ರ ಯಾರ ಅಪ್ಪಣೆಗೂ ಕಾಯದೆ, "ಹಾಕೇ ಅದನ್ನ" ಎಂದು ವಿಸಿಡಿ ನನ್ನ ಕೈಗಿಟ್ಟಳು.

ಚಿತ್ರ ಓರೆಯಾಗಿತ್ತು, ಅಲುಗಾಡುತ್ತಿತ್ತು, ಪರದೆಯ ಕಾಲುಭಾಗ ಯಾರದೋ ತಲೆ. ಆದರೆ ಆ ದೃಶ್ಯ ಬಂದಾಗ, ದೇವಿಯ ತುಟಿ ಅಲುಗಿದಾಗ, ಟಿವಿಯಿಂದ ಹೊರಟದ್ದು ಅತ್ತೆಯ ದನಿ. ಅತ್ತೆ ಉಸಿರಾಡುವುದನ್ನೂ ಮರೆತು ಕೇಳಿದಳು. ಅವಳ ಮುಖ ನೋಡಿ, ಇಷ್ಟು ದಿನ ಬೈದುಕೊಂಡ ಆ ಗಡ್ಡ, ಚೀಲ ಎಲ್ಲವನ್ನೂ ನಾನು ಮನಸ್ಸಿನಲ್ಲೇ ಕ್ಷಮಿಸಿಬಿಟ್ಟೆ.

ಆಗ ಹಿಂದಿನಿಂದ ಮಾವ ಹೇಳಿದರು, "ಆವಾಗ ಈ ಮಾತು ಇರ್ಲಿಲ್ಲ. ಕ್ಷಮಿಸಿದ್ದೇನೆ ಅಂತ ಇತ್ತು."

ನಾನು ರಿಮೋಟ್ ಒತ್ತಿ ನಿಲ್ಲಿಸಿದೆ. ಅತ್ತೆ ನಿಧಾನವಾಗಿ ತಿರುಗಿದಳು.

"ಆವಾಗ ಅಂದ್ರೆ?"

ಮಾವ ಹಾರದ ಹೂವನ್ನೇ ನೋಡುತ್ತಿದ್ದರು. "ರಿಲೀಸ್ ಆದಾಗ. ಆ ವಾರ ಪೂರ್ತಿ ಹೋಗಿದ್ದೆ. ಸೆಕೆಂಡ್ ಶೋಗೆ."

"ಆಫೀಸಲ್ಲಿ ಆಡಿಟ್ಟು, ಲೇಟಾಗುತ್ತೆ ಅಂತಿದ್ರಿ."

"ಆಡಿಟ್ಟು ಇರ್ಲಿಲ್ಲ."

"ನಾನು ಸಾರು ಬಿಸಿ ಮಾಡ್ಕೊಂಡು ಕಾಯ್ತಾ ಕೂತಿರ್ತಿದ್ದೆ. ಊಟ ಮಾಡ್ದೇನೆ."

"ಹೂಂ. ಅಪ್ಪ ಇದ್ರಲ್ಲ" ಎಂದರು ಮಾವ. ಹಾರದ ದಾರ ಬೆರಳಿಗೆ ಸುತ್ತಿಕೊಳ್ಳುತ್ತ, "ಚೆನ್ನಾಗಿ ಮಾಡಿದ್ದೆ ನೀನು" ಎಂದರು.

ಊರಿಗೆಲ್ಲ ಮೊದಲ ಅಭಿಮಾನಿ ಈ ಕುರ್ಚಿಯಲ್ಲೇ ಕೂತಿದ್ದರು ಎಂದು ನನಗೆ ನಗು ಬರಬೇಕಿತ್ತು, ಬರಲಿಲ್ಲ. ಆ ಮಾತಿಗೆ ಅತ್ತೆ ಕರಗುತ್ತಾಳೆ, ಕಣ್ಣೊರೆಸಿಕೊಂಡು ಒಳಗೆ ಹೋಗಿ ಇನ್ನೊಂದು ಲೋಟ ಕಾಫಿ ತರುತ್ತಾಳೆ ಎಂದುಕೊಂಡೆ. ನಮ್ಮ ಮನೆಗಳಲ್ಲಿ ಹಾಗೇ ಆಗುವುದು. ಅವಳು ನನ್ನ ಕೈಯಿಂದ ರಿಮೋಟ್ ತೆಗೆದುಕೊಂಡಳು.

"ಹಾಗಾದ್ರೆ ನೀವು ನೋಡಿದೀರಿ. ಈಗ ಆಚೆ ಹೋಗಿ. ಇದನ್ನ ನಾನು ಒಬ್ಬಳೇ ನೋಡ್ತೀನಿ."

ಮಾವ ಎದ್ದರು. ಹಾರ ಎಲ್ಲಿಡುವುದು ಎಂದು ತಿಳಿಯದೆ ಕುರ್ಚಿಯ ಮೇಲೇ ಬಿಟ್ಟು, ಚಪ್ಪಲಿ ಮೆಟ್ಟಿ ಗೇಟಿನ ಹತ್ತಿರ ಹೋಗಿ ನಿಂತರು. ನಾನೂ ಜಗಲಿಗೆ ಬಂದೆ. ಒಳಗೆ ಅತ್ತೆ ಬಾಗಿಲು ಹಾಕಿಕೊಂಡು ಸೌಂಡ್ ಜಾಸ್ತಿ ಮಾಡಿದಳು.